ರಿಕ್ಷಾದ ಹಿಂದಿನ ಜೋಡಿ ಗಾಲಿ
(ನಮ್ಮ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ರಿಕ್ಷಾ ಚಾಲಕ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಸಾಹಿತ್ಯವನ್ನೂ ಇತಿಹಾಸವನ್ನೂ ಕುರಿತು ಮಾತನಾಡಿದ ವಿದ್ವಾಂಸರನ್ನು ನಾನು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದವನು. ಈ ಸಲ ಕಾರ್ಯದರ್ಶಿಗಳು, “ನಿಮಗೆ ತಿಳಿದದ್ದನ್ನೇ ಹೇಳಿರಿ” ಎಂದು ಒತ್ತಾಯಪಡಿಸಿದರು. ನನಗೆ ತಿಳಿದದ್ದು ರಿಕ್ಷಾ. ಅದರಲ್ಲಿಯೂ ಅನುಭವದಿಂದ, ಸ್ವಲ್ಪ ಪೆಟ್ಟು ತಿಂದು ಕಲಿತದ್ದು, ಅದರ ಹಿಂದಿನ ಎರಡು ಟಾಯರುಗಳ ವಿಷಯ.

ಕಚೇರಿಯಲ್ಲಿ ಕೆಲಸ ಮಾಡುವ ಗುಮಾಸ್ತ ಬಂಧುಗಳು, “ಇದು ನಮಗೇತಕ್ಕೆ?” ಎಂದು ಕೇಳಬಹುದು. ಸ್ವಾಮಿ, ರಿಕ್ಷಾದಲ್ಲಿ ತಾವು ಕೂಡುವುದು ಆ ಎರಡು ಗಾಲಿಗಳ ಮೇಲೆಯೇ. ಅಲ್ಲದೆ ತಮ್ಮಲ್ಲಿ ಕೆಲವರು ತಮ್ಮನಿಗೋ ಅಳಿಯನಿಗೋ ರಿಕ್ಷಾ ಕೊಡಿಸಲು ಬ್ಯಾಂಕಿನಲ್ಲಿ ಜಾಮೀನು ನಿಂತವರಿದ್ದೀರಿ. ಆದುದರಿಂದ ಈ ಮಾತು ಎಲ್ಲರಿಗೂ ಸಂಬಂಧಪಟ್ಟದ್ದು.

ಪುಣೆಗೂ ಈ ಮೂರು ಗಾಲಿಯ ಗಾಡಿಗೂ ಹಳೆಯ ನಂಟು. ಇಟಲಿಯ ಪಿಯಾಜಿಯೋ ಕಂಪನಿ 1948ರಲ್ಲಿ ‘ಆಪೆ’ ಎಂಬ ಸರಕಿನ ಗಾಡಿಯನ್ನು ಹೊರತಂದಿತು. ಅವರ ಭಾಷೆಯಲ್ಲಿ ಆಪೆ ಎಂದರೆ ಜೇನುಹುಳ. ಅಂಥ ಗಾಡಿಯಲ್ಲಿ ಜನರನ್ನು ಕೂಡಿಸಿ ಓಡಿಸಬಹುದು ಎಂದು ನಮ್ಮ ದೇಶದಲ್ಲಿ ಮೊದಲು ಯತ್ನಿಸಿದವರಲ್ಲಿ ಪುಣೆಯ ನವಲಮಲ್ ಫಿರೋದಿಯಾ ಅವರ ಹೆಸರು ಮುಖ್ಯವಾದುದು. ಮುಂದೆ ಬಜಾಜ್ ಕಂಪನಿಗೆ 1959ರಲ್ಲಿ ಸರ್ಕಾರದ ಪರವಾನಗಿ ದೊರೆಯಿತು. ಆಕುರ್ಡಿಯ ಕಾರಖಾನೆ ಬೆಳೆಯಿತು. ಆ ಕಾರಖಾನೆಯ ಸುತ್ತಮುತ್ತ ಅನ್ನ ಕಂಡುಕೊಂಡ ಕನ್ನಡಿಗರೂ ಉಂಟು.

ಗಾಳಿ ತುಂಬಿದ ಟಾಯರಿಗೂ ಮೂರು ಗಾಲಿಗೂ ಇನ್ನೊಂದು ನಂಟಿದೆ. ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯರು. ಕಲ್ಲು ಹಾಸಿದ ಬೀದಿಯಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕುಲುಕುವುದನ್ನು ಕಂಡು ರಬ್ಬರಿನ ಕೊಳವೆಯಲ್ಲಿ ಗಾಳಿ ತುಂಬಿ ಗಾಲಿಗೆ ಸುತ್ತಿದರು; 1888ರಲ್ಲಿ ಪೇಟೆಂಟು ಪಡೆದರು. ಹೊರೆಯನ್ನು ಹೊರುವುದು ಮುಖ್ಯವಾಗಿ ಗಾಳಿ, ರಬ್ಬರು ಅದರ ಚೀಲ. ಗಾಲಿಗೆ ಗಾಳಿಯೇ ಪ್ರಾಣ.

ಇನ್ನು ವಿಷಯಕ್ಕೆ ಬರುತ್ತೇನೆ. ಹಿಂದಿನ ಟಾಯರು ಮುಂದಿನದಕ್ಕಿಂತ ಬೇಗ ಏತಕ್ಕೆ ಸವೆಯುತ್ತದೆ? ಮೂವರು ಪ್ರಯಾಣಿಕರ ಭಾರ, ಅವರ ಗಂಟುಮೂಟೆ, ಎಂಜಿನ್ನು, ಎಲ್ಲವೂ ಹಿಂದೆ. ಎಂಜಿನ್ನಿನ ಎಳೆತವೂ ಹಿಂದಿನ ಗಾಲಿಗೇ ಹೋಗುತ್ತದೆ. ಹೊರುವವನೂ ಅವನೇ, ಎಳೆಯುವವನೂ ಅವನೇ. ಈಚಿನ ಬ್ಯಾಟರಿ ರಿಕ್ಷಾಗಳಲ್ಲಿ ಬ್ಯಾಟರಿಯ ಭಾರವೂ ಇದೆ, ಹಿಡಿಕೆ ತಿರುವಿದೊಡನೆ ಜೋರಾದ ಎಳೆತವೂ ಇದೆ. ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಸವೆತವನ್ನು ಓದಲು ಕಲಿಯಬೇಕು. ಟಾಯರಿನ ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಗಾಲಿ ಓರೆಯಾಗಿದೆ; ಬೇರಿಂಗನ್ನೂ ಗಾಲಿ ಹಿಡಿದ ತೋಳನ್ನೂ ಮೇಸ್ತ್ರಿಗೆ ತೋರಿಸಬೇಕು. ಅಲ್ಲಲ್ಲಿ ಚಪ್ಪಟೆಯಾಗಿದ್ದರೆ ಬ್ರೇಕು ಹಿಡಿದುಕೊಳ್ಳುತ್ತಿದೆ. ಕಾರಣವನ್ನು ಸರಿಪಡಿಸದೆ ಹೊಸ ಟಾಯರು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ. ತೂತು ಕೊಡಕ್ಕೆ ನೀರು ತುಂಬಿದಂತೆ.

ಯಾವಾಗ ಬದಲಿಸಬೇಕು? ಟಾಯರಿನ ಪಕ್ಕೆಯ ಮೇಲೆ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳನ್ನೋ ಸಣ್ಣ ತ್ರಿಕೋನವನ್ನೋ ಹುಡುಕಿರಿ. ಅದರ ನೇರಕ್ಕೆ ಗೀರಿನ ತಳದಲ್ಲಿ ಒಂದು ಸಣ್ಣ ದಿಣ್ಣೆ ಇರುತ್ತದೆ. ನಾವು ಬಟನ್ ಎನ್ನುವ ಕಚ್ಚುಗಳು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದವೆಂದರೆ ಟಾಯರಿನ ಆಯುಷ್ಯ ಮುಗಿಯಿತು. ಬಿಸಿಲಿನ ಒಣ ರಸ್ತೆಯಲ್ಲಿ ಬೋಳು ಟಾಯರು ಓಡೀತು. ಮಳೆಗಾಲದಲ್ಲಿ ರಸ್ತೆಯ ನೀರನ್ನು ಪಕ್ಕಕ್ಕೆ ಸರಿಸುವುದು ಆ ಗೀರುಗಳೇ. ಅವು ಇಲ್ಲದಿದ್ದರೆ ಗಾಡಿ ನೀರಿನ ಮೇಲೆ ಜಾರುತ್ತದೆ.

ಇದನ್ನು ನಾನು ಕಲಿತ ಬಗೆ ಕೇಳಿರಿ. ಇಂಡಿ ತಾಲೂಕಿನಿಂದ ಬಂದ ಹೊಸತರಲ್ಲಿ ಬೇರೊಬ್ಬರ ರಿಕ್ಷಾವನ್ನು ದಿನದ ಬಾಡಿಗೆಗೆ ಓಡಿಸುತ್ತಿದ್ದೆ. ಹಿಂದಿನ ಎರಡೂ ಟಾಯರು ಬೋಳಾಗಿದ್ದವು. ಮಾಲಕರು ಎಡಗಡೆಗೆ ಮಾತ್ರ ಒಂದು ಅಗ್ಗದ ಟಾಯರು ಹಾಕಿಸಿದರು, ಅದೂ ಬೋಳು ಟಾಯರಿಗೆ ಚಾಕುವಿನಿಂದ ಗೀರು ಕೆತ್ತಿದ್ದು. ನಾನು ತುಟಿ ಬಿಚ್ಚಲಿಲ್ಲ. ಬಾಯಿ ತೆರೆದರೆ ಗಾಡಿ ಬೇರೆಯವನಿಗೆ ಹೋದೀತೆಂಬ ಹೆದರಿಕೆ. ಜುಲೈ ತಿಂಗಳ ಮಳೆ. ಕಾತ್ರಜದಿಂದ ಸ್ವಾರಗೇಟಿಗೆ ನಮ್ಮ ಕಡೆಯ ಅಜ್ಜಿಯೊಬ್ಬರನ್ನು ಸೋಲಾಪುರದ ಬಸ್ಸು ಹಿಡಿಸಲು ಕರೆದೊಯ್ಯುತ್ತಿದ್ದೆ. ಅಡ್ಡ ಬಂದ ಸೈಕಲ್ಲಿಗೆಂದು ಬ್ರೇಕು ಒತ್ತಿದೆ. ಗಾಡಿಯ ಹಿಂಭಾಗ ಸರ್ರನೆ ತಿರುಗಿ ರಸ್ತೆಯ ನಡುವಿನ ಕಟ್ಟೆಗೆ ಬಡಿಯಿತು. ಅಜ್ಜಿಯ ಮುಂಗೈ ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳುತ್ತ ಅವರು ಬೈಯಲಿಲ್ಲ. “ಯಾಕ ತಮ್ಮಾ, ಗಾಲಿ ನೋಡ್ಕೊಂಡಿರಲಿಲ್ಲೇನು?” ಎಂದಷ್ಟೇ ಕೇಳಿದರು. ನೋಡಿಕೊಂಡಿದ್ದೆ, ಅದೇ ನನ್ನ ತಪ್ಪು. ಹನ್ನೊಂದು ದಿನ ಗಾಡಿ ನಿಂತಿತು. ಆಸ್ಪತ್ರೆಯ ಖರ್ಚು, ಹೋದ ಗಳಿಕೆ, ರಿಪೇರಿ ಎಲ್ಲ ಸೇರಿಸಿದರೆ ಎರಡು ಹೊಸ ಟಾಯರುಗಳ ಬೆಲೆಯನ್ನು ಎಷ್ಟೋ ಪಾಲು ಮೀರಿತ್ತು.

ಆದುದರಿಂದ ನನ್ನ ಮೊದಲ ಮಾತು ಇದು: ಹಿಂದಿನ ಜೋಡಿಯನ್ನು ಜೋಡಿಯಾಗಿಯೇ ಬದಲಿಸಿರಿ. ನೊಗಕ್ಕೆ ಒಂದು ಮುದಿ ಎತ್ತು, ಒಂದು ಹೋರಿ ಕಟ್ಟಿದರೆ ಏನಾಗುತ್ತದೆಂದು ಒಕ್ಕಲುತನದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಲೆಕ್ಕ ನೋಡಿರಿ. ರಿಕ್ಷಾದ ಟಾಯರಿನ ಮೇಲೆ 4.00-8 ಎಂದು ಬರೆದಿರುತ್ತದೆ: ಅಗಲ 4 ಅಂಗುಲ, ರಿಮ್ಮು 8 ಅಂಗುಲ. ಒಟ್ಟು ಎತ್ತರ ಸುಮಾರು 16 ಅಂಗುಲ, ಅಂದರೆ 400 ಮಿಲಿಮೀಟರು ಚಿಲ್ಲರೆ. ಬಟನ್ 6 ಮಿಲಿಮೀಟರು ಸವೆದರೆ ಎರಡೂ ಬದಿ ಸೇರಿ 12 ಮಿಲಿಮೀಟರು ಕಡಿಮೆ, ನೂರಕ್ಕೆ ಮೂರು. ಹೊಸ ಗಾಲಿ ನೂರು ಸುತ್ತು ಸುತ್ತುವಷ್ಟರಲ್ಲಿ ಹಳೆಯದು ನೂರಮೂರು ಸುತ್ತಬೇಕು. ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಷಿಯಲ್ಲಿನ ಹಲ್ಲುಗಳು ನೇರ ರಸ್ತೆಯಲ್ಲಿಯೂ ಬಿಡುವಿಲ್ಲದೆ ತೇಯುತ್ತವೆ. ಬ್ರೇಕು ಹಾಕಿದಾಗ ಎರಡು ಗಾಲಿಗಳ ಹಿಡಿತವೂ ಬೇರೆ ಬೇರೆ.

ಎರಡನೆಯದು, ಯಾವುದನ್ನು ಕೊಳ್ಳಬೇಕು? ಹೊಸದು ಉತ್ತಮವೆಂದು ಯಾರೂ ಹೇಳಬಲ್ಲರು. ಕೈಯಲ್ಲಿ ಹಣವಿಲ್ಲದವನು ರಿಟ್ರೆಡ್ ಟಾಯರಿಗೆ ಹೋಗುತ್ತಾನೆ. ಹಳೆಯ ಮೈಯನ್ನು ಉಜ್ಜಿ, ಹೊಸ ರಬ್ಬರಿನ ಪಟ್ಟಿ ಕೂಡಿಸಿ, ಅಚ್ಚಿನಲ್ಲಿ ಕಾಯಿಸಿ ಬೆಸೆಯುವ ಕೆಲಸ ಅದು. ಪ್ರಾಮಾಣಿಕವಾಗಿ ಮಾಡಿದ್ದು ಕೆಟ್ಟದ್ದಲ್ಲ. ಆದರೆ ಒಳಗಿನ ನೂಲು ಗಟ್ಟಿಯಾಗಿರಬೇಕು. ಪಕ್ಕೆಯಲ್ಲಿ ಬಿರುಕು, ಉಬ್ಬು, ಅಂಚಿನಲ್ಲಿ ಹರಕು ಇರಕೂಡದು. ಮುಂದಿನ ಗಾಲಿಗಂತೂ ರಿಟ್ರೆಡ್ ಬೇಡ; ಅಲ್ಲಿರುವುದು ಒಂದೇ ಗಾಲಿ, ಅದು ಕೈಕೊಟ್ಟರೆ ಹಿಡಿಯುವ ಎರಡನೆಯದಿಲ್ಲ. ಗೀರು ಕೆತ್ತಿದ ಟಾಯರನ್ನು ಬಿಟ್ಟಿ ಕೊಟ್ಟರೂ ಮುಟ್ಟಬೇಡಿರಿ. ಅದು ಹೊಸ ರಬ್ಬರಲ್ಲ; ಉಳಿದ ತೆಳು ರಬ್ಬರನ್ನೂ ನೂಲಿನ ತನಕ ಕೊರೆದದ್ದು.

ಹೊಸದನ್ನು ಕೊಳ್ಳುವಾಗಲೂ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿರಿ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರು ಬಿರುಸಾಗುತ್ತದೆ. ಟ್ಯೂಬಿನ ಟಾಯರಾದರೆ ಟ್ಯೂಬನ್ನೂ ಹೊಸದು ಹಾಕಿಸಿರಿ. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಿಚಿಕೊಂಡು ಹರಿಯುತ್ತದೆ. ತೆಗೆದ ಎರಡರಲ್ಲಿ ದಿಣ್ಣೆಗಿಂತ ಮೇಲೆ ಬಟನ್ ಉಳಿದದ್ದು ಯಾವುದಾದರೂ ಇದ್ದರೆ ಸ್ಟೆಪ್ನಿಗೆ ಇರಲಿ.

ಒಂದು ಎಚ್ಚರಿಕೆ. ರಿಕ್ಷಾದ ರಿಮ್ಮು ಎರಡು ಹೋಳು. ನಟ್ಟುಗಳು ಅವನ್ನು ಹಿಡಿದಿರುತ್ತವೆ. ಗಾಳಿಯನ್ನು ಪೂರ್ತಿ ಬಿಡದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳು ಸಿಡಿದು ಮುಖಕ್ಕೆ ಬಡಿಯುತ್ತದೆ. ಪಂಕ್ಚರು ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದನ್ನು ದಯವಿಟ್ಟು ಹೇಳಿರಿ.

ಮೂರನೆಯದು ಲೆಕ್ಕ. ಒಂದು ಚಿಕ್ಕ ವಹಿ ಇಡಿರಿ. ಟಾಯರು ಹಾಕಿದ ದಿನ, ಮೀಟರಿನ ಕಿಲೋಮೀಟರು, ಕೊಟ್ಟ ಬೆಲೆ ಬರೆಯಿರಿ. ತೆಗೆದ ದಿನ ಮತ್ತೆ ಬರೆಯಿರಿ. ಬೆಲೆಯನ್ನು ಓಡಿದ ಕಿಲೋಮೀಟರಿನಿಂದ ಭಾಗಿಸಿದರೆ ಯಾವುದು ಅಗ್ಗವೆಂದು ತಿಳಿಯುತ್ತದೆ. ಅರ್ಧ ಬೆಲೆಯ ಟಾಯರು ಅರ್ಧಕ್ಕಿಂತ ಕಡಿಮೆ ಓಡಿದರೆ ಅದು ದುಬಾರಿ. ಲೆಕ್ಕ ಬರೆಯಲು ಬಾರದವರು ಇಲ್ಲಿಗೆ ಬನ್ನಿ. ಈ ವಾಚನಾಲಯದಲ್ಲಿ ಗುಮಾಸ್ತರಿಗೇನು ಬರವೆ? ವಾರಕ್ಕೊಮ್ಮೆ ಬೆಳಗ್ಗೆ ಗಾಲಿ ತಣ್ಣಗಿರುವಾಗ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಹಾಕಿಸಿರಿ. ಟಾಯರಿಗೆ ಅದಕ್ಕಿಂತ ಅಗ್ಗದ ಔಷಧವಿಲ್ಲ.

ಕೊನೆಯದಾಗಿ, ಬಾಡಿಗೆಗೆ ಓಡಿಸುವ ತಮ್ಮಂದಿರಿಗೆ. ಗಾಡಿಯ ಕೀಲಿ ತೆಗೆದುಕೊಳ್ಳುವ ಮೊದಲೇ ಟಾಯರಿನ ಖರ್ಚು ಯಾರದೆಂದು ಮಾತಾಡಿಕೊಳ್ಳಿರಿ. ಬೋಳು ಗಾಲಿ ಕೊಟ್ಟರೆ “ಮಳೆಯಲ್ಲಿ ಓಡಿಸಲಾರೆ” ಎಂದು ಮರ್ಯಾದೆಯಿಂದ ಹೇಳಿರಿ. ಒಬ್ಬನೇ ಹೇಳಿದರೆ ಗಾಡಿ ಹೋದೀತು, ನಾನು ಬಲ್ಲೆ. ನಾಲ್ವರು ಕೂಡಿ ಹೇಳಿದರೆ ಮಾಲಕರೂ ಕೇಳುತ್ತಾರೆ. ಗಾಡಿ ಕೊಡಿಸಿ ಬಾಡಿಗೆಗೆ ಬಿಟ್ಟ ಬಂಧುಗಳೂ ಇಲ್ಲಿದ್ದರೆ, ಜೂನಿನ ಮೊದಲ ಮಳೆಗೆ ಮುಂಚೆ ಒಮ್ಮೆ ಬಗ್ಗಿ ಗಾಲಿ ನೋಡಿರಿ.

ಆ ಅಜ್ಜಿಯ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಾರದೆ ಹೋದೆ. ತಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಕೇಳುವ ಪ್ರಸಂಗ ಬಾರದಿರಲಿ.