ಪದವಿ ಕಾಲೇಜುಗಳಲ್ಲಿ ಜೀವವೈದ್ಯ ಸಂಶೋಧನೆ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿದವನಿಗೆ ಪ್ರಯೋಗಶಾಲೆಯ ವಿಚಾರವೇಕೆಂದು ಕೆಲವರು ಕೇಳಬಹುದು. ವಿದ್ಯೆಯನ್ನು ಸಾಕುವ ಕಷ್ಟವು ಎಲ್ಲೆಡೆಯಲ್ಲಿಯೂ ಒಂದೇ ಆಗಿರುವುದರಿಂದ, ಅಮೆರಿಕಾ ದೇಶದವರು ಅದಕ್ಕೆ ಕಂಡುಕೊಂಡ ಉಪಾಯವನ್ನು ಹೇಳಲು ಎದ್ದು ನಿಂತಿದ್ದೇನೆ.

ಆ ದೇಶದಲ್ಲಿ ಪದವಿಯವರೆಗೆ ಮಾತ್ರ ಪಾಠ ಹೇಳತಕ್ಕ ಕಾಲೇಜುಗಳು ಬಹಳ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿ ಪಡೆದ ತರುಣನು ಇಂಥ ಕಾಲೇಜಿಗೆ ಅಧ್ಯಾಪಕನಾಗಿ ಬಂದನೆಂದರೆ ಪಾಠ ಪರೀಕ್ಷೆಗಳಲ್ಲಿಯೇ ಅವನ ದಿನ ತೀರುತ್ತದೆ. ಜೀವಕೋಶಗಳನ್ನು ಬೆಳೆಸಲು ಬೇಕಾದ ಉಪಕರಣಗಳು ಸಾಲವು. ಕೈಕೆಳಗೆ ಸಂಶೋಧನ ವಿದ್ಯಾರ್ಥಿಗಳಿಲ್ಲ. ಸಂದೇಹ ಬಂದರೆ ಕೇಳುವುದಕ್ಕೆ ಅದೇ ವಿಷಯದ ಹಿರಿಯನೂ ಇರುವುದು ಅಪರೂಪ. ದ್ರವ್ಯಸಹಾಯಕ್ಕೆ ಅರ್ಜಿ ಬರೆದರೆ, ಮೊದಲು ಮಾಡಿದ ಕೆಲಸವೇನೆಂದು ಕೇಳುತ್ತಾರೆ. ಕೆಲಸ ಮಾಡಲು ಹಣ ಬೇಕು, ಹಣ ಬರಲು ಕೆಲಸ ಆಗಿರಬೇಕು! ಇದನ್ನೇ ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯದೋಷವೆನ್ನುವರು.

ಈ ಸಂಕಟ ನನಗೆ ತಿಳಿಯದ್ದಲ್ಲ. ತಾರುಣ್ಯದಲ್ಲಿ ನಾನೊಂದು ಶಾಲೆಯಲ್ಲಿ ದಿನಕ್ಕೆ ಆರು ಪಾಠ ಹೇಳುತ್ತಿದ್ದೆ. ಗುರುಗಳು ಪರಿಶೋಧಿಸೆಂದು ಕೊಟ್ಟ ತಾಳೆಗರಿಯ ಕಟ್ಟನ್ನು ಬಿಚ್ಚುವ ತ್ರಾಣ ಸಂಜೆಗೆ ಉಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಬಿಚ್ಚಿದಾಗ ಅಂಚೆಲ್ಲ ಹುಳು ತಿಂದಿತ್ತು.

1985ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳೆಂಬ ಸರ್ಕಾರಿ ಇಲಾಖೆಯು ಇಂಥ ಕಾಲೇಜುಗಳಿಗಾಗಿ ಬೇರೊಂದು ಅನುದಾನವನ್ನು ಏರ್ಪಡಿಸಿತು. ಆ ಇಲಾಖೆಯಿಂದ ಈಗಾಗಲೇ ಹೇರಳವಾಗಿ ಹಣ ಪಡೆಯುತ್ತಿರುವ ಸಂಸ್ಥೆಗಳಿಗೆ ಅದರಲ್ಲಿ ಪ್ರವೇಶವಿಲ್ಲ. 1993ರಲ್ಲಿ ಅಲ್ಲಿಯ ಶಾಸನಸಭೆಯ ಕಾನೂನಿನಂತೆ, ಸಂಶೋಧನದ್ರವ್ಯವು ಕಡಿಮೆಯಾಗಿ ಸಲ್ಲುತ್ತಿದ್ದ ಪ್ರಾಂತಗಳಿಗಾಗಿ ಮತ್ತೊಂದು ಯೋಜನೆ ಹುಟ್ಟಿತು. ಮೊಂಟಾನಾ, ವಯೋಮಿಂಗ್, ಮಿಸಿಸಿಪಿ, ಹವಾಯಿ ಮೊದಲಾದ 23 ಸಂಸ್ಥಾನಗಳೂ ಪೋರ್ಟೊ ರಿಕೊ ದ್ವೀಪವೂ ಅದಕ್ಕೆ ಸೇರಿವೆ. ಅದರೊಳಗಿನ 'ಇನ್‌ಬ್ರಿ' ಎಂಬ ಜಾಲದಲ್ಲಿ ಸಂಶೋಧನ ವಿಶ್ವವಿದ್ಯಾನಿಲಯಕ್ಕೆ ಸುತ್ತಲಿನ ಪದವಿ ಕಾಲೇಜುಗಳನ್ನು ಜೋಡಿಸುತ್ತಾರೆ. ಮೊಂಟಾನಾದಲ್ಲಿ ಮೂಲನಿವಾಸಿ ಜನಾಂಗಗಳ ಕಾಲೇಜುಗಳಿಗೂ ಇದರಲ್ಲಿ ಸ್ಥಾನವುಂಟು.

ತರುಣ ಅಧ್ಯಾಪಕನಿಗೆ ಸಾಮಗ್ರಿಗೆ ಹಣ ಸಲ್ಲುವುದಲ್ಲದೆ, ಪಾಠದ ಹೊರೆಯೂ ಇಳಿಯುತ್ತದೆ. ಬೇಸಗೆಯಲ್ಲಿ ಅವನೊಡನೆ ದುಡಿಯುವ ವಿದ್ಯಾರ್ಥಿಗಳಿಗೆ ವೇತನವುಂಟು. ಇದೆಲ್ಲಕ್ಕಿಂತ ಮಿಗಿಲಾಗಿ ಹಿರಿಯ ಸಂಶೋಧಕನೊಬ್ಬನು ಮಾರ್ಗದರ್ಶಕನಾಗಿ ನಿಲ್ಲುತ್ತಾನೆ. ಪ್ರಯೋಗವು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ನೋಡುವುದು, ಅರ್ಜಿಯನ್ನು ಕಳುಹಿಸುವ ಮೊದಲೇ ಓದಿ ಅದರ ದೌರ್ಬಲ್ಯವನ್ನು ಮುಖಕ್ಕೆ ಹೇಳುವುದು ಅವನ ಕೆಲಸ. ನನ್ನ ಎಣಿಕೆಯಲ್ಲಿ ಹಣಕ್ಕಿಂತ ಇದು ದುರ್ಲಭ. ಉಪಕರಣವನ್ನು ಪೇಟೆಯಿಂದ ತರಬಹುದು. ಹಿರಿಯನು ಮಾತ್ರ ಕಿರಿಯನನ್ನು ತನ್ನ ಕೆಲಸಕ್ಕೆ ಆಳಾಗಿಸಿಕೊಳ್ಳದೆ, ಕಿರಿಯನ ಪ್ರಶ್ನೆಯನ್ನು ಕಿರಿಯನದಾಗಿಯೇ ಉಳಿಸಬೇಕು. ಹೀಗೆ ಮಾಡಬಲ್ಲವರು ಪಂಡಿತರಲ್ಲಿಯೂ ವಿರಳರೇ.

ಪದವಿ ಕಾಲೇಜಿನ ಪ್ರಯೋಗಶಾಲೆಯಿಂದ ಏನು ಬರುವುದೆಂದು ಕೇಳುವವರಿಗೆ ಒಂದು ವೃತ್ತಾಂತ. ಹವಾಯಿ ದ್ವೀಪದ ಹಿಲೋ ಊರಿನಲ್ಲಿ ಬೆಳೆದ ಜೆನಿಫರ್ ಡೌಡ್ನಾ ಎಂಬಾಕೆಯು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಓದಿದಳು. ಅಲ್ಲಿ ಶರಾನ್ ಪನಸೆಂಕೊ ಎಂಬ ಅಧ್ಯಾಪಿಕೆಯು ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ನಡೆಸುತ್ತಿದ್ದ ಶೋಧನೆಯಲ್ಲಿ ಕೈಗೂಡಿಸಿ, 1985ರಲ್ಲಿ ಪದವೀಧರೆಯಾದಳು. ಹಾರ್ವರ್ಡಿನಲ್ಲಿ ಡಾಕ್ಟರ್ ಪದವಿಯನ್ನು ಮುಗಿಸಿ, ಕೊಲೊರಾಡೊದಲ್ಲಿ ಥಾಮಸ್ ಚೆಕ್ ಎಂಬವರ ಬಳಿ ಕೆಲಸ ಮಾಡಿದಳು. 1989ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆ ಚೆಕ್ಕರೂ ಓದಿದ್ದು ಅಯೋವಾದ ಗ್ರಿನೆಲ್ ಎಂಬ ಪದವಿ ಕಾಲೇಜಿನಲ್ಲಿಯೇ! ಜೀನುಗಳನ್ನು ತಿದ್ದುವ ವಿಧಾನಕ್ಕಾಗಿ ಡೌಡ್ನಾ ಅವರಿಗೂ ಎಮಾನ್ಯುಯೆಲ್ ಶಾರ್ಪಾಂಟಿಯೆ ಅವರಿಗೂ 2020ರಲ್ಲಿ ನೊಬೆಲ್ ದೊರೆಯಿತು.

ಕಾಲೇಜುಗಳನ್ನು ನಡೆಸುವ ಮಹನೀಯರು ಈ ಸಭೆಯಲ್ಲಿ ಕುಳಿತಿದ್ದಾರೆ. ಹೊಸದಾಗಿ ಸೇರಿದ ವಿಜ್ಞಾನದ ಅಧ್ಯಾಪಕರಿಗೆ ವಾರಕ್ಕೆ ನಾಲ್ಕು ಪಾಠಗಳನ್ನಾದರೂ ಕಡಿಮೆ ಮಾಡಿ, ತಿಂಗಳಿಗೊಮ್ಮೆ ತಕ್ಕ ಹಿರಿಯರಲ್ಲಿಗೆ ಹೋಗಿಬರುವ ವೆಚ್ಚವನ್ನು ವಹಿಸಿಕೊಡಬೇಕೆಂದು ಬೇಡಿ, ಸನ್ನಿಧಿಯವರ ಅಪ್ಪಣೆ ಪಡೆದು ಕುಳಿತುಕೊಳ್ಳುತ್ತೇನೆ.