ಔಷಧವೂ ಆರೋಗ್ಯರಕ್ಷಣೆಯೂ

 

ಈ ಉತ್ಸವದ ಸ್ಮರಣಾರ್ಥವಾಗಿ ಶ್ರೀಮಠದಿಂದ ಆಸ್ಪತ್ರೆಯೊಂದನ್ನು ಕಟ್ಟಿಸಬೇಕೆಂಬ ಮಾತು ಭಕ್ತರಲ್ಲಿ ನಡೆದಿರುವುದು ತಮಗೆಲ್ಲ ವಿದಿತವೇ ಆಗಿದೆ. ಅನ್ನದಾಸೋಹ, ವಿದ್ಯಾದಾಸೋಹಗಳ ಮಠಕ್ಕೆ ಇದು ಭೂಷಣವೇ ಸರಿ. ಆದರೆ ಕಲ್ಲುಗಾರೆಗಳ ಲೆಕ್ಕ ಹಾಕುವುದಕ್ಕೆ ಮುನ್ನ, ಆ ಆಸ್ಪತ್ರೆಯು ಮಾಡಬೇಕಾದ ಕೆಲಸವೇನೆಂಬುದನ್ನು ನಿಶ್ಚಯಿಸಿಕೊಳ್ಳುವುದು ಲೇಸು. ಅದಕ್ಕಾಗಿ ಘಟ್ಟದ ಕೆಳಗಿನ ಉಡುಪಿಯ ಸೀಮೆಯ ಸಂಗತಿಯನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುವೆನು.

ಚರಕಾಚಾರ್ಯರು ವೈದ್ಯಶಾಸ್ತ್ರಕ್ಕೆ ಎರಡು ಪ್ರಯೋಜನಗಳನ್ನು ಹೇಳಿರುವರು. ಆರೋಗ್ಯವಂತನ ಆರೋಗ್ಯವನ್ನು ಕಾಪಾಡುವುದೊಂದು, ರೋಗಿಯ ರೋಗವನ್ನು ಶಮನಗೊಳಿಸುವುದೊಂದು. ನಾವಾದರೋ ಎರಡನೆಯದನ್ನು ವೈದ್ಯನಿಗೊಪ್ಪಿಸಿ, ಮೊದಲನೆಯದನ್ನು ಯಾರಿಗೂ ಒಪ್ಪಿಸದೆ ಬಿಟ್ಟಿರುವೆವು. 1946ರಲ್ಲಿ ವರದಿ ನೀಡಿದ ಸರ್ ಜೋಸೆಫ್ ಭೋರರ ಸಮಿತಿಯು, ಚಿಕಿತ್ಸೆಯೂ ರೋಗ ಬಾರದಂತೆ ತಡೆಯುವ ಕಾರ್ಯವೂ ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಳ್ಳಿಗೆ ದೊರೆಯಬೇಕೆಂದು ಸೂಚಿಸಿತು. ಎರಡನ್ನೂ ಒಂದೇ ಕೈಯಲ್ಲಿಡಬೇಕೆಂಬುದಕ್ಕೆ ಕಾರಣವೇನೆಂಬುದು ಒಂದು ದೃಷ್ಟಾಂತದಿಂದ ಸ್ಪಷ್ಟವಾಗುವುದು.

ಉಡುಪಿ, ಕಾಪು, ಕಾರ್ಕಳಗಳಲ್ಲಿ ಮಳೆ ಹಿಡಿದ ಮೇಲೆ ಇಲಿಜ್ವರವೆಂಬ ವ್ಯಾಧಿ ಕಾಣಿಸಿಕೊಳ್ಳುವುದುಂಟು. ಇಲಿ ಹೆಗ್ಗಣಗಳ ಮೂತ್ರದೊಡನೆ ಹೊರಬಿದ್ದ ರೋಗಾಣುವು ಗದ್ದೆಯ ನಿಂತ ನೀರನ್ನು ಸೇರುವುದು. ನೇಜಿ ನೆಡುವ ಹೆಂಗಸು ದಿನವೆಲ್ಲ ಕೆಸರಿನಲ್ಲಿ ನಿಂತಿರುವಳು. ಕಾಲಿನ ಚರ್ಮ ನೆನೆದು ಮೆತ್ತಗಾಗಿ, ಬೆರಳ ಸಂದಿನ ಚಿಕ್ಕದೊಂದು ಗಾಯದಿಂದ ರೋಗಾಣುವು ಒಳಹೊಗುವುದು. ಕೆಲವು ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ತಾಳಲಾರದ ನೋವು, ಕಣ್ಣು ಕೆಂಪು. ಮಳೆಗಾಲದ ಜ್ವರವೆಂದು ಕಷಾಯ ಕುಡಿದು ಮತ್ತೆ ಗದ್ದೆಗಿಳಿದವರಲ್ಲಿ ಕೆಲವರಿಗೆ ಕಾಮಾಲೆ ಹತ್ತಿ ಮೂತ್ರಪಿಂಡಗಳು ಕೆಡುವುವು. ಆ ಹೊತ್ತಿಗೆ ಮಣಿಪಾಲದಂತಹ ದೊಡ್ಡ ಆಸ್ಪತ್ರೆಗೆ ಒಯ್ದು ಯಂತ್ರದಿಂದ ರಕ್ತಶುದ್ಧಿ ಮಾಡಿಸಬೇಕಾದೀತು. ಆಗಲೂ ಪ್ರಾಣ ಉಳಿಯುವುದೆಂಬ ಭರವಸೆಯಿಲ್ಲ. ಇದೇ ಜ್ವರವನ್ನು ಮೊದಲಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿಂದ ಬಹುಮಟ್ಟಿಗೆ ಗುಣವಾಗುವುದು. ಅದೇ ಮಾತ್ರೆಯನ್ನು ಅಪಾಯದ ದಿನಗಳಲ್ಲಿ ವಾರಕ್ಕೊಮ್ಮೆ, ವೈದ್ಯರ ಸಲಹೆಯಂತೆ, ಮುಂಜಾಗ್ರತೆಗಾಗಿ ಕೊಡುವುದೂ ಉಂಟು.

ಗದ್ದೆಯನ್ನು ನೋಡದ ವೈದ್ಯನಿಗೆ ಒಬ್ಬ ರೋಗಿ ಮಾತ್ರ ಕಾಣುವಳು; ಅದೇ ಕೆಸರಿನಲ್ಲಿ ಅವಳ ಪಕ್ಕದಲ್ಲಿ ನಿಂತಿದ್ದವರು ಕಾಣಿಸರು. ಅವಳು ಗುಣವಾಗಿ ಮನೆಗೆ ಬರುವಷ್ಟರಲ್ಲಿ ನೆರೆಯವಳು ಮಲಗಿರುವಳು. ಇನ್ನು, ಚೀಲದಲ್ಲಿ ಒಂದು ಮಾತ್ರೆಯೂ ಇಲ್ಲದೆ ಬಂದು ಶುಚಿತ್ವದ ಉಪದೇಶ ಮಾಡುವವನ ಮಾತಿಗೆ ಹಳ್ಳಿಯವರು ತಲೆದೂಗುವರು, ನಡೆಯರು. ಉಪದೇಶವೇ ವೃತ್ತಿಯಾದ ನಾನು ಇದನ್ನು ಚೆನ್ನಾಗಿ ಬಲ್ಲೆನು. ಮಗುವಿನ ಜ್ವರ ಇಳಿಸಿದ ನರ್ಸಮ್ಮನು ಬಾವಿಯ ಬಾಯಿ ಮುಚ್ಚಿಸಿರೆಂದರೆ ಅದು ಮುಚ್ಚಲ್ಪಡುವುದು.

ಆ ಸೀಮೆಯಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಯಿದೆ. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಎಂಬ ಸ್ವಿಸ್ ದೇಶದ ಮಹಿಳೆ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಅಲ್ಲಿಯೇ ವೈದ್ಯವೃತ್ತಿ ನಡೆಸಿದ ಡಾಕ್ಟರ್ ಟಿ. ಎಂ. ಎ. ಪೈಗಳು 1925ರಲ್ಲಿ ಇತರರೊಡಗೂಡಿ ಬ್ಯಾಂಕೊಂದನ್ನು ಸ್ಥಾಪಿಸಿದರು. ಬಡವನು ಎರಡಾಣೆ ಹಿಡಿದು ಬ್ಯಾಂಕಿನ ಮೆಟ್ಟಿಲೇರಲಾರನೆಂದು ಕಂಡುಕೊಂಡು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಬ್ಯಾಂಕಿನವರನ್ನೇ ಅವನ ಹೊಸ್ತಿಲಿಗೆ ಕಳುಹಿಸಿದರು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದವರೂ ಇವರೇ. ಆ ಕಾಲೇಜು ಗುಡ್ಡದ ಮೇಲೆಯೇ ಕುಳಿತಿರದೆ, ಮಲ್ಪೆ, ಅಲೆವೂರು ಮುಂತಾದೆಡೆ ಗ್ರಾಮೀಣ ಪ್ರಸೂತಿ ಮತ್ತು ಶಿಶುಕಲ್ಯಾಣ ಕೇಂದ್ರಗಳನ್ನು ನಡೆಸಿತು. ಹೊಸ್ತಿಲಿನ ಬ್ಯಾಂಕಿಗೂ ಹೊಸ್ತಿಲಿನ ವೈದ್ಯಕ್ಕೂ ಒಂದೇ ಯುಕ್ತಿಯೆಂದು ನನ್ನ ಅಭಿಪ್ರಾಯ.

ಸರಕಾರದ ನಿಯಮದಂತೆ ಬಯಲಿನಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ. ಗುಡ್ಡಗಾಡಿನಲ್ಲಿ ಈ ಸಂಖ್ಯೆ 20,000 ಮತ್ತು 3,000. ತುಳುನಾಡಿನಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ, ತೋಡು. ಕಾರ್ಕಳದ ಕಡೆ ಘಟ್ಟದ ಬುಡದಲ್ಲಿ ಹತ್ತು ಮನೆ ಸುತ್ತುವುದಕ್ಕೆ ಅರ್ಧ ದಿನ ಬೇಕು. 2005ರಲ್ಲಿ ಆರಂಭವಾದ ಯೋಜನೆಯ ಆಶಾ ಕಾರ್ಯಕರ್ತೆಯರು ಹೀಗೆ ಸುತ್ತುವವರು. ಇಡೀ ವ್ಯವಸ್ಥೆಯ ಭಾರ ಹೊತ್ತ ಈ ತಾಯಂದಿರಿಗೆ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಇದು ನ್ಯಾಯವೆಂದು ನನಗೆ ತೋರದು.

ಆದುದರಿಂದ ಸಮಿತಿಯವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಂಚಗಳು ಹತ್ತು ಕಡಿಮೆಯಾದರೂ ಚಿಂತೆಯಿಲ್ಲ. ಹಳ್ಳಿ ಸುತ್ತುವ ಇಬ್ಬರು ದಾದಿಯರನ್ನು ಪೂರ್ಣವೇತನದಿಂದ ಮೊದಲು ನೇಮಿಸಿರಿ. ವೈದ್ಯರು ವಾರಕ್ಕೆರಡು ದಿನ ಅವರೊಡನೆ ನಡೆಯಲಿ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬ ಜ್ವರರೋಗಿಯ ಮನೆಯ ಸುದ್ದಿ ಮರುದಿನವೇ ದಾದಿಯರಿಗೆ ಮುಟ್ಟಲಿ. ಸರಕಾರದ ಕೇಂದ್ರದವರೊಡನೆ ಸ್ಪರ್ಧೆ ಬೇಡ, ಅವರ ಪಟ್ಟಿಯೊಡನೆ ನಮ್ಮ ಪಟ್ಟಿ ಹೊಂದಿಕೊಳ್ಳಲಿ. ಮನೆಗಳ ಪಟ್ಟಿ ಬರೆಯುವುದಕ್ಕೆ ಪಾಠಶಾಲೆಯ ಹಿರಿಯ ವಿದ್ಯಾರ್ಥಿಗಳು ಸಿದ್ಧರಿರುವರು; ಯಾವ ಊರಿನಿಂದ ಆರಂಭಿಸಬೇಕೆಂಬುದನ್ನು ತಾವು ತಿಳಿಸಿದರೆ ಮುಂಗಾರಿಗೆ ಮುನ್ನ ಮುಗಿಸಿಕೊಡುವೆವು.