ಬಾಯಿಯ ಹೆಬ್ಬಾಗಿಲು, ಹೃದಯದ ಕವಾಟ



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಕಾಲದಲ್ಲಿ ಕೆತ್ತಲ್ಪಟ್ಟು, 1892ರಲ್ಲಿ ಬಿ. ಎಲ್. ರೈಸ್ ಅವರಿಂದ ಲೋಕಕ್ಕೆ ಪರಿಚಿತವಾದ ಬಂಡೆಯ ಶಾಸನವನ್ನು ಬಲ್ಲವರಿಗೆ ಒಂದು ಸಂಗತಿ ನೆನಪಿರಬಹುದು: ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಧರ್ಮಾಜ್ಞೆಯನ್ನು ತಿಳಿಸುವುದಕ್ಕೆ ಮುಂಚೆ ಅವರ ಆರೋಗ್ಯವನ್ನು ವಿಚಾರಿಸಿದ್ದಾರೆ. ಈ ಸೀಮೆಯ ಇಷ್ಟು ಪ್ರಾಚೀನವಾದ ಲಿಖಿತವು ಕುಶಲಪ್ರಶ್ನೆಯಿಂದ ಆರಂಭವಾಗಿರುವಾಗ, ಅದೇ ಪ್ರಶ್ನೆಯನ್ನು ನಾನು ಇಂದು ನಿಮ್ಮ ಒಸಡುಗಳನ್ನು ಕುರಿತು ಕೇಳಿದರೆ ಅಪಚಾರವೆಂದು ಭಾವಿಸಲಾರಿರಿ.

ಇಲ್ಲಿಯ ಹಲ್ಲಿನ ಮಾತು ನೀರಿನಿಂದಲೇ ತೊಡಗಬೇಕು. ವೇದಾವತಿಯು ವರ್ಷದ ಬಹುಭಾಗ ಮರಳಾಗಿಯೇ ಮಲಗಿರುವ, ಮುಗಿಲನ್ನು ನಂಬಿ ಶೇಂಗಾ ಬಿತ್ತುವ ಈ ನಾಡಿನಲ್ಲಿ ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಬಂಡೆಯೊಳಗಿನ ಫ್ಲೋರೈಡ್ ನೀರಿನೊಡನೆ ಮೇಲಕ್ಕೆ ಬಂದಿತು, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮೇರೆಯನ್ನು ಮೀರಿದ ಅಂಥ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ, ಅದು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ, ಕಂದುಗೆರೆ ಅಂಟಿಕೊಂಡಿತು. ಒಸಡಿಗೂ ಹೃದಯಕ್ಕೂ ಉಂಟೆಂದು ನಾನು ಹೇಳಹೊರಟಿರುವ ನಂಟಿಗೂ ಈ ಕಲೆಗೂ ಸಂಬಂಧವಿಲ್ಲ. ಆದರೂ ಅದನ್ನೆತ್ತಿದುದಕ್ಕೆ ಕಾರಣವುಂಟು. "ನಮ್ಮ ನೀರೇ ಹಿಂಗೆ" ಎಂದು ಹಲ್ಲಿನ ಆಸೆಯನ್ನೇ ಬಿಟ್ಟವನು ಒಸಡಿನಲ್ಲಿ ನೆತ್ತರು ಒಸರಿದಾಗ ಅದನ್ನೂ ನೀರಿನ ಲೆಕ್ಕಕ್ಕೇ ಬರೆದುಬಿಡುತ್ತಾನೆ. ಕಲೆ ನೀರಿನದು, ನೆತ್ತರು ನೀರಿನದಲ್ಲ.

ಅದು ಪಾಚಿಯದು. ಹಲ್ಲಿನ ಬುಡದಲ್ಲಿ ಕಟ್ಟುವ ಆ ಬಿಳಿಯ ಪಾಚಿಯನ್ನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಮಸೂರದಡಿಯಲ್ಲಿರಿಸಿ, ಅದರಲ್ಲಿ ಓಡಾಡುವ ಅಣುಜೀವಿಗಳನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಪಾಚಿ ಗಟ್ಟಿಯಾಗಿ ಗಾರೆಯಾದ ಮೇಲೆ ಒಸಡು ಹಲ್ಲನ್ನು ಬಿಟ್ಟು ಸಡಿಲಗೊಂಡು, ಅಗಿಯುವಾಗಲೂ ಉಜ್ಜುವಾಗಲೂ ಆ ಜೀವಿಗಳು ರಕ್ತಕ್ಕೆ ಸೇರುತ್ತವೆ. ಆರೋಗ್ಯವಂತನಲ್ಲಿ ಅವು ಅಲ್ಪಕಾಲದಲ್ಲಿಯೇ ನಾಶವಾಗುವುವು. ಆದರೆ ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲುವಾತದ ಜ್ವರ ಬಂದು, ಹೃದಯದ ಕವಾಟದ ಮೇಲೆ ಗಾಯದ ಗುರುತನ್ನುಳಿಸಿ ಹೋಗಿದ್ದರೆ, ಆ ಒರಟು ನೆಲದಲ್ಲಿ ಬಾಯಿಯ ವಿರಿಡನ್ಸ್ ಸ್ಟ್ರೆಪ್ಟೊಕಾಕಸ್ ನೆಲೆಯೂರಿ ಬೆಳೆಯತೊಡಗುತ್ತದೆ. ಕವಾಟದ ಈ ಸೋಂಕಿನ ಜ್ವರ ಅಬ್ಬರದ್ದಲ್ಲ. ಸಂಜೆಗೆ ಮೈ ಬಿಸಿಯಾಗುವುದು, ಇರುಳು ಬೆವರುವುದು, ದಿನೇ ದಿನೇ ಸೊರಗುವುದು. ನಾಲ್ಕು ಗುಳಿಗೆಗಳಿಗೆ ತಗ್ಗಿ, ಬಿಟ್ಟೊಡನೆ ಮರಳುವ ಇದನ್ನು ವಿಷಮಶೀತಜ್ವರವೆಂದು ಭ್ರಮಿಸಿ ವಾರಗಟ್ಟಲೆ ಕಳೆಯುವುದುಂಟು. ಗುಳಿಗೆ ಕೊಡುವುದಕ್ಕೆ ಮೊದಲೇ ರಕ್ತವನ್ನು ತೆಗೆದು ಅದರಲ್ಲಿ ಜೀವಾಣು ಬೆಳೆಯುವುದೇ ಎಂದು ನೋಡಬೇಕು. ತರುವಾಯ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಚುಚ್ಚುಮದ್ದು. ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನಲ್ಲಿ ಈ ರೋಗವನ್ನು ಕುರಿತು ಉಪನ್ಯಾಸಗಳನ್ನಿತ್ತಾಗ ಮದ್ದೇ ಇರಲಿಲ್ಲ. ಪೆನಿಸಿಲಿನ್ ಬರುವವರೆಗೆ ಇದು ಬಂದವನು ಬದುಕಿದ್ದು ತೀರ ಅಪರೂಪ. ಹಲ್ಲು ಕಿತ್ತೊಡನೆ ರಕ್ತದಲ್ಲಿ ಜೀವಾಣುಗಳು ದೊರೆಯುವುದನ್ನು ಓಕೆಲ್ ಮತ್ತು ಎಲಿಯಟ್ 1935ರಲ್ಲಿ ತೋರಿಸಿದರು. ಒಸಡು ತೀರ ಕೆಟ್ಟಿದ್ದ ಕೆಲವರಲ್ಲಿ ಹಲ್ಲನ್ನು ಮುಟ್ಟದಿದ್ದಾಗಲೂ ಅವು ದೊರೆತುವು.

ಹೃದಯಾಘಾತದ ವಿಷಯದಲ್ಲಿ ಇಷ್ಟು ಧೈರ್ಯವಾಗಿ ನುಡಿಯಲಾರೆ. 1989ರಲ್ಲಿ ಫಿನ್ಲೆಂಡಿನ ವೈದ್ಯರು ಹೃದಯಾಘಾತಕ್ಕೊಳಗಾದವರ ಬಾಯಿ ಇತರರ ಬಾಯಿಗಿಂತ ಕೆಟ್ಟಿರುವುದನ್ನು ಕಂಡರು. ಒಸಡಿನ ಉರಿಯೂತ ದೇಹವನ್ನೆಲ್ಲ ವ್ಯಾಪಿಸಿ ರಕ್ತನಾಳಗಳನ್ನು ಕೆಡಿಸುತ್ತದೆಂಬ ವಾದ ಬಲಗೊಂಡಿತು. ಆದರೆ ಅಮೆರಿಕದ ಹೃದಯ ಸಂಘವು 2012ರಲ್ಲಿ ಎಲ್ಲ ಸಾಕ್ಷ್ಯಗಳನ್ನು ತೂಗಿ, ನಂಟಿರುವುದು ನಿಜ, ಒಂದು ಮತ್ತೊಂದಕ್ಕೆ ಕಾರಣವೆಂಬುದು ಸಿದ್ಧವಾಗಿಲ್ಲ ಎಂದಿತು. ಈ ಸಂಯಮ ನನಗೆ ಮೆಚ್ಚುಗೆಯಾದುದು. ಏಕೆಂದರೆ 1900ರ ಸುಮಾರಿಗೆ ವಿಲಿಯಂ ಹಂಟರ್ ಎಂಬ ವೈದ್ಯನು ಹಲವು ರೋಗಗಳ ಮೂಲವನ್ನು ಬಾಯಿಯ ಕೀವಿನಲ್ಲಿ ಕಂಡ ಮೇಲೆ, ಅವನ ಮಾತನ್ನು ಹಿಗ್ಗಿಸಿಕೊಂಡವರು ದಶಕಗಳ ಕಾಲ ನಿರಪರಾಧಿ ಹಲ್ಲುಗಳನ್ನು ಸಾಲುಸಾಲಾಗಿ ಕಿತ್ತೆಸೆದರು!

ಒಸಡಿನ ಕೇಡಿಗೂ ಹೃದಯದ ಕೇಡಿಗೂ ಸಮಾನವಾದ ಬೇರೊಂದಿದೆ, ಅದು ಹೊಗೆಸೊಪ್ಪು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಬದಿಯಲ್ಲಾಗಲಿ, ಕುರಿಯುಣ್ಣೆಯ ಕಂಬಳಿ ನೇಯುವ ಚಳ್ಳಕೆರೆಯ ಜಗಲಿಯಲ್ಲಾಗಲಿ ಎಲೆಯಡಿಕೆಯ ಸಂಚಿಯಿಲ್ಲದೆ ಹೊತ್ತು ಹೋಗುವುದಿಲ್ಲವೆಂದು ಬಲ್ಲೆ. ಎಲೆಯನ್ನು ನಾನು ದೂರುತ್ತಿಲ್ಲ, ಕಡ್ಡಿಪುಡಿಯನ್ನು ದೂರುತ್ತೇನೆ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಎರಡು ಚೀಟಿಗಳನ್ನು ಕೊಂಡು ಅಂಗೈಯಲ್ಲಿ ಬೆರೆಸುವ ಜಾಣತನವನ್ನೂ ದೂರುತ್ತೇನೆ. ಬೀಡಿಯ ಕಪಟ ಇನ್ನೂ ಸೂಕ್ಷ್ಮವಾದುದು: ಅದು ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗ ಒಳಗೊಳಗೇ ಬೆಳೆಯುತ್ತಿದ್ದರೂ ನೆತ್ತರು ಅಷ್ಟಾಗಿ ಕಾಣದು.

ಪರಿಹಾರವನ್ನು ಹೊರನಾಡಿನಿಂದ ತರಬೇಕಾಗಿಲ್ಲ. ಚರಕ ಸಂಹಿತೆಯು ದಿನಕ್ಕೆರಡು ಹೊತ್ತು, ಒಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆಂದು ವಿಧಿಸಿ, ಅದಕ್ಕೊದಗುವ ಮರಗಳಲ್ಲಿ ಕರಂಜವನ್ನು ಹೆಸರಿಸಿದೆ. ಅದು ನಮ್ಮ ಹೊಲದ ಬದುವಿನ ಹೊಂಗೆಯೇ. ಕಡ್ಡಿಯೋ ಬ್ರಷ್ಷೋ ಎಂಬ ಜಗಳ ನನಗೆ ಬೇಡ. ಇದ್ದಿಲು, ಇಟ್ಟಿಗೆಯ ಪುಡಿ ಮಾತ್ರ ಬೇಡವೇ ಬೇಡ.

ಕವಾಟದ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಪ್ರತ್ಯೇಕವಾಗಿ ಎರಡು ಮಾತು. ಹಲ್ಲು ಕೀಳಿಸುವ ಮುನ್ನ ಕೃತಕ ಕವಾಟದ ವಿಷಯವನ್ನು ದಂತವೈದ್ಯರಿಗೆ ಹೇಳಿರಿ, ಮುಂಚಿತವಾಗಿಯೇ ಔಷಧ ಕೊಡಬೇಕಾಗಬಹುದು. ರಕ್ತ ಹೆಪ್ಪುಗಟ್ಟದಂತೆ ನುಂಗುತ್ತಿರುವ ಗುಳಿಗೆಯನ್ನು ಯಾರ ಮಾತು ಕೇಳಿಯೂ ನೀವಾಗಿಯೇ ನಿಲ್ಲಿಸಬೇಡಿರಿ. ಮತ್ತೊಂದು, ಎಲ್ಲರಿಗೂ: ನಡೆದಾಗ ಬಂದು ನಿಂತಾಗ ಹೋಗುವ ಕೆಳದವಡೆಯ ನೋವು ಹಲ್ಲಿನದಲ್ಲದೆ ಹೃದಯದ್ದೇ ಆಗಿರಬಹುದು, ಅಂಥವರು ಮೊದಲು ಹೃದಯವನ್ನು ತೋರಿಸಿಕೊಳ್ಳತಕ್ಕದ್ದು.

ಹಲ್ಲಿನ ಕಾಲೇಜುಗಳು ಚಿತ್ರದುರ್ಗದಲ್ಲಿವೆ, ದಾವಣಗೆರೆಯಲ್ಲಿವೆ. ಈ ಪುಸ್ತಿಕೆ ಯಾರ ಕೈಸೇರುವುದೋ ಅವರು ಇಂದು ಸಂಜೆ ಮನೆಯ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ ಒಮ್ಮೆ ಅವರ ಬಾಯಿಯನ್ನು ನೋಡಿರಿ. ಒಸಡು ಕೆಂಪಾಗಿ ಊದಿದ್ದರೆ, ನಾಯಕನಹಟ್ಟಿಯ ತೇರು ಕಳೆಯಲಿ ಎಂದು ಕಾಯದೆ ಕರೆದುಕೊಂಡು ಹೋಗಿರಿ.